ವಿದ್ಯುತ್ ಕ್ಷೋಭೆ ಮತ್ತು ಅದರ ಶಮನ

(ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ರಕ್ಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಇಂದಿನ ಭಾಷಣಕ್ಕೆ ನಾನು ಆರಿಸಿಕೊಂಡ ವಿಷಯವು ಮೊದಲ ನೋಟಕ್ಕೆ ಶುಷ್ಕವೆಂದು ತೋರಬಹುದು. ಮೋಟಾರುಗಳನ್ನು ನಡೆಸುವ ವಿದ್ಯುನ್ಮಾನ ಸಾಧನಗಳಿಂದ ಉಂಟಾಗುವ ಕ್ಷೋಭೆ, ಅದನ್ನು ಲೆಕ್ಕಕ್ಕೆ ತರುವ ಕ್ರಮ, ಅದನ್ನು ಶಮನಗೊಳಿಸುವ ಉಪಾಯ, ಇವಿಷ್ಟೇ ನಾನು ತಮ್ಮಲ್ಲಿ ನಿವೇದಿಸಬೇಕೆಂದಿರುವ ಸಂಗತಿಗಳು. ಆದರೆ ಕಾಸರಗೋಡಿನ ಕೃಷಿಕ ಮನೆತನಗಳಿಗೆ ಈ ವಿಷಯ ದೂರದ್ದೇನೂ ಅಲ್ಲ. ನಮ್ಮ ಹಿರಿಯರು ಗುಡ್ಡದ ಒಡಲನ್ನು ಕೊರೆದು ಸುರಂಗಗಳನ್ನು ತೋಡಿದರು. ಅವುಗಳ ನೀರು ಯಾವ ಯಂತ್ರದ ಹಂಗೂ ಇಲ್ಲದೆ ತಾನಾಗಿಯೇ ಹರಿದು ಬರುತ್ತಿತ್ತು; ಕೆಲವೆಡೆ ಈಗಲೂ ಬರುತ್ತಿದೆ. ಆದರೆ ಇಂದು ಬಹುಪಾಲು ಅಡಿಕೆ ತೋಟಗಳ ಬಾಯಾರಿಕೆ ತೀರಬೇಕಾದರೆ ಪಂಪು ತಿರುಗಬೇಕು, ಪಂಪು ತಿರುಗಬೇಕಾದರೆ ವಿದ್ಯುತ್ತು ನೆಟ್ಟಗಿರಬೇಕು. ಆದುದರಿಂದ ಆ ವಿದ್ಯುತ್ತಿಗೆ ಅಂಟುವ ರೋಗಗಳನ್ನು ತಿಳಿದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯವೇ ಆಗಿದೆ.

ಮೊದಲು ಆರೋಗ್ಯದ ಲಕ್ಷಣವನ್ನು ನೋಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಒಂದು ಸೆಕೆಂಡಿಗೆ ೫೦ ಬಾರಿ ಏರಿಳಿಯುತ್ತದೆ. ಆ ಏರಿಳಿತವನ್ನು ಕಾಗದದ ಮೇಲೆ ಚಿತ್ರಿಸಿದರೆ ಎಲ್ಲಿಯೂ ಮೂಲೆಯಿಲ್ಲದ, ಮೊನೆಯಿಲ್ಲದ ಒಂದು ನುಣುಪಾದ ಅಲೆ ದೊರೆಯುತ್ತದೆ. ದೊಡ್ಡ ಮೋಟಾರುಗಳಿಗೆ ಇಂತಹ ಮೂರು ಅಲೆಗಳು ಮೂರು ತಂತಿಗಳಲ್ಲಿ ಒಂದರ ಹಿಂದೆ ಒಂದರಂತೆ, ಸಮಾನ ಅಂತರವಿಟ್ಟು ಬರುತ್ತವೆ. ಈ ಮೂರನ್ನು ಯಾವ ಕ್ಷಣದಲ್ಲಿ ಕೂಡಿಸಿ ನೋಡಿದರೂ ಮೊತ್ತ ಸೊನ್ನೆ. ಈ ಮಾತನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಮುಂದೆ ಇದರಿಂದ ಒಂದು ದೊಡ್ಡ ವಿಷಯ ಹುಟ್ಟಲಿದೆ.

ಮೋಟಾರು ತಿರುಗುವ ವೇಗವು ಈ ಆವರ್ತಸಂಖ್ಯೆಗೆ ಕಟ್ಟುಬಿದ್ದಿದೆ. ನಾಲ್ಕು ಧ್ರುವಗಳ ಸಾಮಾನ್ಯ ಮೋಟಾರಿನೊಳಗಿನ ಕಾಂತಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ಸುತ್ತುತ್ತದೆ. ಮೋಟಾರು ಅದಕ್ಕಿಂತ ತುಸು ನಿಧಾನವಾಗಿ ಅದನ್ನು ಹಿಂಬಾಲಿಸುತ್ತದೆ. ವೇಗವನ್ನು ಬದಲಾಯಿಸಬೇಕಾದರೆ ಆವರ್ತಸಂಖ್ಯೆಯನ್ನೇ ಬದಲಾಯಿಸಬೇಕು. ಹಾಗೆ ಬದಲಾಯಿಸಿಕೊಡುವ ಪೆಟ್ಟಿಗೆಯನ್ನೇ ಪೇಟೆಯಲ್ಲಿ ಡ್ರೈವು ಎಂದು ಕರೆಯುತ್ತಾರೆ. ಇದರಿಂದ ಆಗುವ ಲಾಭ ಅಲ್ಪವಲ್ಲ. ಗಾಳಿ ಬೀಸುವ ಯಂತ್ರಕ್ಕೆ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದು. ವೇಗವನ್ನು ನೂರರಿಂದ ೮೦ಕ್ಕೆ ಇಳಿಸಿದರೆ ಶಕ್ತಿಯ ವ್ಯಯ ನೂರರಿಂದ ೫೧ಕ್ಕೆ ಇಳಿಯುತ್ತದೆ. ನೀರನ್ನು ಎತ್ತರಕ್ಕೆ ಏರಿಸುವ ಪಂಪಿನಲ್ಲಿ ಉಳಿತಾಯ ಇಷ್ಟಿರದಾದರೂ ಮೋಟಾರನ್ನು ಮೆಲ್ಲನೆ ಹೊರಡಿಸುವ ಸೌಕರ್ಯವುಂಟು. ಸೌರಶಕ್ತಿಯ ಪಂಪಿಗಂತೂ ಇಂತಹ ಸಾಧನವಿಲ್ಲದೆ ಗತಿಯಿಲ್ಲ. ಬಿಸಿಲು ಏರಿಳಿದಂತೆ ಪಂಪಿನ ವೇಗವೂ ಏರಿಳಿಯಬೇಕಾಗುತ್ತದೆ.

ಡ್ರೈವಿನ ಒಳಗೆ ನಡೆಯುವುದೇನು? ಅಲ್ಲಿ ಮೂರು ಕೋಣೆಗಳಿವೆಯೆಂದು ಭಾವಿಸೋಣ. ಮೊದಲನೆಯದರಲ್ಲಿ ಏರಿಳಿಯುವ ವಿದ್ಯುತ್ತು ಏಕಮುಖ ವಿದ್ಯುತ್ತಾಗುತ್ತದೆ. ಎರಡನೆಯದು ಕೆಪಾಸಿಟರುಗಳ ಕೋಣೆ. ತೋಟದ ಮೇಲ್ಬದಿಯ ತೊಟ್ಟಿಯಲ್ಲಿ ನೀರು ನಿಲ್ಲುವಂತೆ ಇಲ್ಲಿ ವಿದ್ಯುತ್ತು ಸಂಗ್ರಹವಾಗಿ ನಿಲ್ಲುತ್ತದೆ. ೪೦೦ ವೋಲ್ಟಿನ ಮೂರು ತಂತಿಗಳಿಂದ ತುಂಬಿದ ಈ ತೊಟ್ಟಿಯ ಮಟ್ಟ ಸುಮಾರು ೫೬೫ ವೋಲ್ಟು. ಮೂರನೆಯ ಕೋಣೆಯಲ್ಲಿ ಆರು ಅರೆವಾಹಕ ಸ್ವಿಚ್ಚುಗಳಿವೆ. ಇವು ಸೆಕೆಂಡಿಗೆ ಹಲವು ಸಾವಿರ ಬಾರಿ ತೆರೆದು ಮುಚ್ಚಿ, ತೊಟ್ಟಿಯ ವಿದ್ಯುತ್ತನ್ನು ಸಣ್ಣ ಸಣ್ಣ ತುಂಡುಗಳಾಗಿ ಮೋಟಾರಿಗೆ ಕಳುಹಿಸುತ್ತವೆ. ತುಂಡುಗಳ ಅಗಲವನ್ನು ಹೆಚ್ಚು ಕಡಿಮೆ ಮಾಡುವುದರಿಂದ ಮೋಟಾರಿಗೆ ಅವು ನಮಗೆ ಬೇಕಾದ ಆವರ್ತಸಂಖ್ಯೆಯ ಅಲೆಯಂತೆಯೇ ಭಾಸವಾಗುತ್ತವೆ.

ಈ ಕೆಲಸಕ್ಕೆ ಇಂದು ಬಹುವಾಗಿ ಬಳಕೆಯಲ್ಲಿರುವ ಸ್ವಿಚ್ಚು ಐ.ಜಿ.ಬಿ.ಟಿ. ಎಂಬುದು. ಅದನ್ನು ರೂಪಿಸಿದವರಲ್ಲಿ ಅಗ್ರಗಣ್ಯರು, ನಮ್ಮ ನೆರೆಯ ಬಂಟ್ವಾಳದ ಹೆಸರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿರುವ ಬಂಟ್ವಾಳ ಜಯಂತ ಬಾಳಿಗರು. ಬೆಂಗಳೂರಿನ ಬಳಿಯ ಜಾಲಹಳ್ಳಿಯಲ್ಲಿ ಬೆಳೆದು, ಮದರಾಸಿನ ಐ.ಐ.ಟಿ.ಯಲ್ಲಿ ಓದಿ, ಅಮೆರಿಕಕ್ಕೆ ತೆರಳಿದ ಅವರು ೧೯೮೦ರ ದಶಕದ ಆರಂಭದಲ್ಲಿ ಈ ಸಾಧನವನ್ನು ಸಿದ್ಧಪಡಿಸಿದರು. ೨೦೨೪ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ ಸಂದಿತು.

ಇನ್ನು ರೋಗದ ವಿಚಾರ. ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಡ್ರೈವಿನಿಂದ ಹೊರಡುವ ಕ್ಷೋಭೆಯು ಆಕಸ್ಮಿಕವೂ ಅಲ್ಲ, ಯಂತ್ರ ಕೆಟ್ಟಿತೆಂಬುದರ ಗುರುತೂ ಅಲ್ಲ. ಯಾವ ಗುಣದಿಂದ ಅದು ನಮಗೆ ಉಪಕಾರ ಮಾಡುತ್ತದೆಯೋ ಅದೇ ಗುಣದಿಂದಲೇ ಕ್ಷೋಭೆಯೂ ಹುಟ್ಟುತ್ತದೆ. ಶೀಘ್ರವಾಗಿ ಮುಚ್ಚಿ ತೆರೆಯುವ ಸ್ವಿಚ್ಚು ತಾನು ಬಿಸಿಯಾಗದೆ ವಿದ್ಯುತ್ತನ್ನು ಉಳಿಸುತ್ತದೆ. ಆ ಶೀಘ್ರತೆಯೇ ಸುತ್ತಣ ತಂತಿಗಳನ್ನು ಕಲಕುತ್ತದೆ. ಹೀಗೆ ಕಾರಣ ನಿಶ್ಚಿತವಾಗಿರುವುದರಿಂದಲೇ ಅದನ್ನು ಲೆಕ್ಕ ಹಾಕಲು ಸಾಧ್ಯ, ಲೆಕ್ಕ ಹಾಕಿ ಅಡಗಿಸಲೂ ಸಾಧ್ಯ.

ಮೊದಲನೆಯ ಕ್ಷೋಭೆಯು ಡ್ರೈವಿನಿಂದ ಹಿಮ್ಮುಖವಾಗಿ ವಿದ್ಯುತ್ ಮಾರ್ಗಕ್ಕೆ ಹೋಗತಕ್ಕದ್ದು. ಮೊದಲ ಕೋಣೆಯು ವಿದ್ಯುತ್ತನ್ನು ಒಂದೇ ಸಮನೆ ಹೀರದೆ, ಅಲೆಯ ನೆತ್ತಿಯಲ್ಲಿ ಮಾತ್ರ ಗುಟುಕು ಗುಟುಕಾಗಿ ಹೀರುತ್ತದೆ. ಇದರ ಪರಿಣಾಮವನ್ನು ಅರಿಯಲು ಫ್ರಾನ್ಸಿನ ಗಣಿತಜ್ಞ ಫೂರಿಯೇ ೧೮೨೨ರಲ್ಲಿ ಪ್ರಕಟಿಸಿದ ಉಷ್ಣದ ಕುರಿತಾದ ಗ್ರಂಥ ನಮಗೆ ನೆರವಾಗುತ್ತದೆ. ಮರುಕಳಿಸುವ ಯಾವ ಅಲೆಯನ್ನಾದರೂ ನುಣುಪಾದ ಶುದ್ಧ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬುದು ಅವನ ಸಿದ್ಧಾಂತದ ಸಾರ. ಮೂಲ ಅಲೆಯ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದಲ್ಲಿ ಕಂಪಿಸುವ ಈ ಉಪ ಅಲೆಗಳಿಗೆ ಹಾರ್ಮೋನಿಕ್ಕುಗಳೆಂದು ಹೆಸರು.

ಯಕ್ಷಗಾನದ ನಾಡಿನ ಮಕ್ಕಳಿಗೆ ಇದು ಹೊಸತಲ್ಲ. ಬರಿಯ ಚರ್ಮ ಬಿಗಿದ ವಾದ್ಯವನ್ನು ಬಾರಿಸಿದರೆ ಹುಟ್ಟುವ ಉಪಸ್ವರಗಳು ಮೂಲಸ್ವರದ ಪೂರ್ಣಗುಣಕಗಳಾಗಿರುವುದಿಲ್ಲ. ಅದಕ್ಕೆ ಶ್ರುತಿ ಕೂಡದು. ಮೃದಂಗದ ಮುಚ್ಚಿಗೆಯ ನಡುವೆ ಕರಣೆಯನ್ನು ಹಚ್ಚಿದೊಡನೆ ಆ ಉಪಸ್ವರಗಳು ಪೂರ್ಣಗುಣಕಗಳಾಗಿ ನಾದ ಇಂಪಾಗುತ್ತದೆ. ಇದನ್ನು ಸಿ. ವಿ. ರಾಮನ್ನರು ಶಿವಕಾಲಿ ಕುಮಾರರೊಡಗೂಡಿ ೧೯೨೦ರಲ್ಲಿಯೇ ಲೋಕಕ್ಕೆ ತಿಳಿಸಿದರು. ನಾದದಲ್ಲಿ ಇಂಪಾದುದು ವಿದ್ಯುತ್ತಿನಲ್ಲಿ ತಂಪಾಗಿರುವುದಿಲ್ಲ. ಮೂರು ತಂತಿಗಳ ಡ್ರೈವು ೫, ೭, ೧೧, ೧೩ನೆಯ ಹಾರ್ಮೋನಿಕ್ಕುಗಳನ್ನು, ಅಂದರೆ ಸೆಕೆಂಡಿಗೆ ೨೫೦, ೩೫೦, ೫೫೦, ೬೫೦ ಆವರ್ತಗಳ ಪ್ರವಾಹಗಳನ್ನು ಮಾರ್ಗಕ್ಕೆ ಬಿಡುತ್ತದೆ. ಇವು ಟ್ರಾನ್ಸ್‌ಫಾರ್ಮರನ್ನು ಬಿಸಿಮಾಡುತ್ತವೆ. ಐದನೆಯದಂತೂ ಅದೇ ಮಾರ್ಗದಲ್ಲಿರುವ ನೆರೆಯವರ ಮೋಟಾರನ್ನು ಹಿಂದಕ್ಕೆ ತಿರುಗಿಸಲು ಹವಣಿಸುತ್ತದೆ. ಒಂದೇ ತಂತಿಯ ಸಂಪರ್ಕವಿರುವ ಮನೆಗಳ ಉಪಕರಣಗಳಿಂದ ಮೂರನೆಯ ಹಾರ್ಮೋನಿಕ್ ಹುಟ್ಟುತ್ತದೆ. ಮೂರು ತಂತಿಗಳ ಈ ಮೂರನೆಯ ಹಾರ್ಮೋನಿಕ್ಕುಗಳು ನ್ಯೂಟ್ರಲ್ ತಂತಿಯಲ್ಲಿ ಒಂದನ್ನೊಂದು ಕಳೆಯದೆ ಕೂಡಿಕೊಂಡು ಅದನ್ನು ಕಾಯಿಸುತ್ತವೆ.

ಎರಡನೆಯ ಕ್ಷೋಭೆಯು ಭೂಮಿಯ ಕಡೆಗೆ ಹರಿಯುವಂತಹುದು. ಮೂರು ಅಲೆಗಳ ಮೊತ್ತ ಸೊನ್ನೆಯೆಂದು ಆಗಲೇ ಹೇಳಿದೆನಷ್ಟೆ. ಡ್ರೈವಿನ ಮೂರು ಶಾಖೆಗಳಲ್ಲಿ ಹಾಗಾಗದು. ತೊಟ್ಟಿಯ ನಡುಮಟ್ಟದಿಂದ ಅಳೆದರೆ, ಪ್ರತಿಯೊಂದು ಶಾಖೆಯೂ ಯಾವ ಕ್ಷಣದಲ್ಲಾದರೂ ಮೇಲಿನ ತುದಿಗೆ ಇಲ್ಲವೇ ಕೆಳಗಿನ ತುದಿಗೆ ತಗುಲಿರುತ್ತದೆ. ಮೇಲಿನದನ್ನು ಅಧಿಕ ೧ ಎಂದೂ ಕೆಳಗಿನದನ್ನು ಋಣ ೧ ಎಂದೂ ಬರೆದುಕೊಳ್ಳಿ. ಇಂತಹ ಮೂರು ಅಂಕಗಳನ್ನು ಹೇಗೆ ಜೋಡಿಸಿದರೂ ಮೊತ್ತ ಅಧಿಕ ೩, ಅಧಿಕ ೧, ಋಣ ೧, ಋಣ ೩ ಇವುಗಳಲ್ಲಿ ಒಂದಾಗುವುದೇ ಹೊರತು ಸೊನ್ನೆ ಎಂದಿಗೂ ಆಗದು. ಐದನೆಯ ತರಗತಿಯ ಬಾಲಕನೂ ಇದನ್ನು ಬಳಪ ಹಿಡಿದು ಪರೀಕ್ಷಿಸಬಹುದು. ಮೊತ್ತ ಸೊನ್ನೆಯಾಗದ ಮೇಲೆ ಮೋಟಾರಿನ ಸುರುಳಿಗಳೆಲ್ಲವೂ ಒಟ್ಟಾಗಿ ಭೂಮಿಯಿಂದ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಿರುತ್ತವೆ. ಒಂದು ಶಾಖೆ ಬದಲಾದಾಗಲೆಲ್ಲ ಈ ಜಿಗಿತ ೫೬೫ರ ಮೂರನೆಯ ಒಂದು ಪಾಲು, ಅಂದರೆ ಸುಮಾರು ೧೮೮ ವೋಲ್ಟು.

ಇಲ್ಲಿಯೇ ಪ್ರತಿರೂಪ ರಚನೆಯ, ಅಂದರೆ ಯಂತ್ರಕ್ಕೆ ಬದಲಾಗಿ ಕಾಗದದ ಮೇಲೊಂದು ಲೆಕ್ಕದ ಯಂತ್ರವನ್ನು ನಿಲ್ಲಿಸುವ ವಿದ್ಯೆಯ ಪ್ರಯೋಜನ. ಮೋಟಾರಿನ ಸುರುಳಿಗೂ ಕಬ್ಬಿಣದ ಕವಚಕ್ಕೂ ನಡುವೆ ನಿರೋಧಕದ ತೆಳು ಪದರವಿದೆ. ಎರಡು ಲೋಹಗಳ ನಡುವೆ ನಿರೋಧಕವಿದ್ದರೆ ಅದೇ ಕೆಪಾಸಿಟರು. ಯಾರೂ ಕೊಂಡು ತಂದು ಇಡದ ಈ ಕೆಪಾಸಿಟರನ್ನು ಇಂಜಿನಿಯರು ತನ್ನ ನಕ್ಷೆಯಲ್ಲಿ ಬರೆದುಕೊಳ್ಳುತ್ತಾನೆ. ಅದು ಒಂದು ನ್ಯಾನೋಫ್ಯಾರಡ್ ಮಾತ್ರವೆಂದು ಇಟ್ಟುಕೊಳ್ಳೋಣ. ೨೩೦ ವೋಲ್ಟಿನ ನುಣುಪಾದ ಅಲೆಯು ಇದರ ಮೂಲಕ ಹರಿಸುವ ಪ್ರವಾಹವು ಒಂದು ಆಂಪಿಯರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಸ್ವಿಚ್ಚು ಬದಲಾಗುವುದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿನಷ್ಟು ಅಲ್ಪಕಾಲದಲ್ಲಿ. ಅಷ್ಟರೊಳಗೆ ೧೮೮ ವೋಲ್ಟು ಜಿಗಿದರೆ ಅದೇ ಕೆಪಾಸಿಟರಿನ ಮೂಲಕ ಆ ಕ್ಷಣಕ್ಕೆ ಸುಮಾರು ೧.೯ ಆಂಪಿಯರು ನುಗ್ಗುತ್ತದೆ. ಈ ಪ್ರವಾಹ ಭೂಸಂಪರ್ಕದ ತಂತಿಯಲ್ಲಿ ಹರಿದು ಡ್ರೈವಿಗೆ ಮರಳುತ್ತದೆ. ಸುರುಳಿಗಳ ಈ ಜಿಗಿತವೇ ಮೋಟಾರಿನ ದಂಡದ ಮೇಲೂ ವೋಲ್ಟೇಜನ್ನು ಕಟ್ಟುತ್ತದೆ. ಅದು ಬೇರಿಂಗಿನ ಎಣ್ಣೆಯ ಪದರವನ್ನು ಸೀಳಿ ಕಿಡಿಯಾಗಿ ಹಾರಿದರೆ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ. ಇಂತಹ ಕುಳಿಗಳು ಲಕ್ಷಾಂತರ ಸೇರಿ ಬೇರಿಂಗಿನ ಓಟದ ಹಾದಿ ಏಣಿಯ ಮೆಟ್ಟಿಲುಗಳಂತಾಗಿ, ಮೋಟಾರು ಕೂಗತೊಡಗುತ್ತದೆ.

ಮೂರನೆಯ ಕ್ಷೋಭೆ ಉದ್ದನೆಯ ಕೇಬಲ್ಲಿನದು. ಉದ್ದನೆಯ ತಂತಿಯನ್ನು ಲೆಕ್ಕವಿಲ್ಲದೆ ನಂಬಿದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ದೃಷ್ಟಾಂತವಿದೆ. ೧೮೫೮ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಸಿದ ಮೊದಲ ತಂತಿ ಸುಮಾರು ಮೂರು ವಾರಗಳಲ್ಲಿ ಮೂಕವಾಯಿತು. ಉದ್ದನೆಯ ತಂತಿಯಲ್ಲಿ ಸಂಕೇತವು ಹೇಗೆ ಮಸುಕಾಗುತ್ತದೆಂಬುದನ್ನು ವಿಲಿಯಂ ಥಾಮ್ಸನ್ ಗಣಿತದಿಂದ ಮೊದಲೇ ತೋರಿಸಿದ್ದನು. ಆದರೆ ಉಸ್ತುವಾರಿಯಲ್ಲಿದ್ದ ವೈಟ್‌ಹೌಸ್ ಅದನ್ನು ಗಣಿಸದೆ, ಮೊದಲೇ ದುರ್ಬಲವಾಗಿದ್ದ ಆ ತಂತಿಗೆ ಸುಮಾರು ೨೦೦೦ ವೋಲ್ಟನ್ನು ಹಾಯಿಸಿದನು. ಉತ್ತಮವಾದ ತಂತಿಯೂ ಸೂಕ್ಷ್ಮವಾದ ಉಪಕರಣಗಳೂ ಕೂಡಿ ಕಾರ್ಯ ಸ್ಥಿರವಾಗಿ ಸಿದ್ಧಿಸಿದುದು ೧೮೬೬ರಲ್ಲಿ.

ನಮ್ಮ ಕೊಳವೆಬಾವಿಗಳಲ್ಲಿ ಸಾಗರವಿಲ್ಲ. ಆದರೂ ನೂರು ಮೀಟರಿಗೂ ಹೆಚ್ಚು ಕೇಬಲ್ಲು ಇಳಿದಿರುವುದುಂಟು. ಕೇಬಲ್ಲಿನಲ್ಲಿ ವಿದ್ಯುತ್ತಿನ ಅಲೆಯು ಬೆಳಕಿನ ವೇಗದ ಸುಮಾರು ಅರ್ಧದಲ್ಲಿ, ಅಂದರೆ ಸೆಕೆಂಡಿನ ಕೋಟಿಯ ಒಂದು ಪಾಲಿನಲ್ಲಿ ೧೫ ಮೀಟರು ಸಾಗುತ್ತದೆ. ಕೇಬಲ್ಲು ಇದರ ಅರ್ಧಕ್ಕಿಂತ, ಎಂದರೆ ಏಳೂವರೆ ಮೀಟರಿಗಿಂತ ಉದ್ದವಾಗಿದ್ದರೆ, ಸ್ವಿಚ್ಚಿನ ಜಿಗಿತವು ಒಂದು ತೆರೆಯಂತೆ ಹೊರಟು ಮೋಟಾರಿಗೆ ಹೋಗಿ ಬಡಿಯುತ್ತದೆ. ಕೆರೆಯ ಅಲೆಯು ಕಲ್ಲಿನ ಕಟ್ಟೆಗೆ ತಾಗಿದಲ್ಲಿ ಇಮ್ಮಡಿ ಎತ್ತರಕ್ಕೆ ಏಳುವುದನ್ನು ತಾವು ಕಂಡಿದ್ದೀರಿ. ಅಂತೆಯೇ ಮೋಟಾರಿನ ಬಾಯಲ್ಲಿ ೫೬೫ ವೋಲ್ಟು ಇಮ್ಮಡಿಯಾಗಿ ೧೧೩೦ರ ತನಕ ಏರಬಹುದು. ಸುರುಳಿಯ ಮೊದಲ ಕೆಲವು ಸುತ್ತುಗಳ ಮೇಲೆಯೇ ಈ ಪೆಟ್ಟು ಬೀಳುವುದರಿಂದ ನಿರೋಧಕವು ಅಲ್ಲಿ ಸವೆದು ಮೋಟಾರು ಸುಡುತ್ತದೆ. ಮಣ್ಣಿನಡಿಯ ಮೋಟಾರನ್ನು ಮೇಲೆತ್ತಿ ಸುರುಳಿ ಸುತ್ತಿಸುವ ಖರ್ಚು ಎಷ್ಟೆಂಬುದನ್ನು ರಕ್ಷಕರಿಗೆ ನಾನು ಹೇಳಬೇಕಾಗಿಲ್ಲ.

ಇವುಗಳಲ್ಲದೆ ಈ ಜಿಗಿತಗಳು ತಂತಿಗಳನ್ನು ಆಕಾಶವಾಣಿಯ ಕಂಬಗಳನ್ನಾಗಿಸಿ ರೇಡಿಯೋದಲ್ಲಿ ಗೊರಗೊರ ಸದ್ದನ್ನು ಹುಟ್ಟಿಸುತ್ತವೆ. ಇಂತಹ ಅಡ್ಡಿಗಳಿಗೆ ಮಿತಿ ಹಾಕುವ ಸಲುವಾಗಿ ೧೯೩೪ರಲ್ಲಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಸ್ಥಾಪಿತವಾಯಿತು. ಹಾರ್ಮೋನಿಕ್ಕುಗಳ ಮಿತಿಯ ವಿಷಯದಲ್ಲಿ ೧೯೮೧ರಲ್ಲಿ ಮೊದಲು ಹೊರಬಂದ ಐಟ್ರಿಪಲ್‌ಈ ೫೧೯ ಎಂಬ ನಿಯಮಾವಳಿ ೧೯೯೨, ೨೦೧೪, ೨೦೨೨ರಲ್ಲಿ ಪರಿಷ್ಕೃತವಾಗಿದೆ.

ಈಗ ಚಿಕಿತ್ಸೆ. ವೈದ್ಯನು ರೋಗದ ಮೂಲ, ಹರಡುವ ದಾರಿ, ತಗಲುವ ದೇಹ ಈ ಮೂರನ್ನೂ ವಿಚಾರಿಸುವಂತೆ ಇಂಜಿನಿಯರನೂ ಕ್ಷೋಭೆಯ ಮೂಲ, ದಾರಿ, ಗುರಿಗಳನ್ನು ಬೇರೆ ಬೇರೆಯಾಗಿ ವಿಚಾರಿಸುತ್ತಾನೆ.

ಮೂಲದಲ್ಲಿ ಮಾಡಬಹುದಾದುದು ಸ್ವಿಚ್ಚಿನ ಜಿಗಿತವನ್ನು ತುಸು ನಿಧಾನಗೊಳಿಸುವುದು. ಇದಕ್ಕೆ ಬೆಲೆ ತೆರಬೇಕು. ನಿಧಾನವಾದಷ್ಟೂ ಸ್ವಿಚ್ಚು ಬಿಸಿಯಾಗುತ್ತದೆ. ಇನ್ನೊಂದು ಉಪಾಯ ಹಿಂದಿನ ಅಂಕಗಣಿತದಿಂದಲೇ ಹೊಳೆಯುತ್ತದೆ. ಮೂರು ಬೆಸಸಂಖ್ಯೆ, ಆದುದರಿಂದ ಮೊತ್ತ ಸೊನ್ನೆಯಾಗದು. ನಾಲ್ಕನೆಯ ಶಾಖೆಯೊಂದನ್ನು ಸೇರಿಸಿದರೆ ಎರಡು ಮೇಲೆ, ಎರಡು ಕೆಳಗೆ ನಿಂತು ಮೊತ್ತ ಸೊನ್ನೆಯಾಗಬಲ್ಲದು. ನಾಲ್ಕು ಶಾಖೆಗಳ ಇಂತಹ ಸಾಧನಗಳನ್ನು ಸಂಶೋಧಕರು ನಿಜವಾಗಿಯೂ ರಚಿಸಿ ತೋರಿಸಿದ್ದಾರೆ.

ಇನ್ನು ದಾರಿಯ ವಿಚಾರ. ಡ್ರೈವಿಗೆ ವಿದ್ಯುತ್ತು ಬರುವೆಡೆ ಚೋಕನ್ನು ಇಟ್ಟರೆ ಅದರ ಗುಟುಕು ಮೃದುವಾಗಿ ಹಾರ್ಮೋನಿಕ್ಕುಗಳು ತಗ್ಗುತ್ತವೆ. ದೊಡ್ಡ ಕಾರ್ಖಾನೆಗಳಲ್ಲಿ ಒಂದು ಟ್ರಾನ್ಸ್‌ಫಾರ್ಮರಿನಿಂದ ನಕ್ಷತ್ರದ ಆಕಾರದ ಸುರುಳಿಯೊಂದನ್ನೂ ತ್ರಿಕೋನದ ಆಕಾರದ ಸುರುಳಿಯೊಂದನ್ನೂ ತೆಗೆದು ಎರಡು ರೆಕ್ಟಿಫಯರುಗಳಿಗೆ ಜೋಡಿಸುತ್ತಾರೆ. ಆಗ ಒಂದರ ೫ ಮತ್ತು ೭ನೆಯ ಹಾರ್ಮೋನಿಕ್ಕುಗಳು ಇನ್ನೊಂದರವುಗಳಿಗೆ ಇದಿರಾಗಿ ನಿಂತು ಪರಸ್ಪರ ಲಯವಾಗುತ್ತವೆ. ಕೊಳವೆಬಾವಿಯ ಉದ್ದನೆಯ ಕೇಬಲ್ಲಿಗೆ ಡ್ರೈವಿನ ಬಾಯಲ್ಲಿಯೇ ತಕ್ಕ ಫಿಲ್ಟರನ್ನು ಇಡಬೇಕು. ಅದು ಜಿಗಿತವನ್ನು ಇಳಿಜಾರಾಗಿಸುತ್ತದೆ. ಹಳೆಯ ಸ್ಟಾರ್ಟರಿನಲ್ಲಿದ್ದ ಕೆಪಾಸಿಟರನ್ನು ಡ್ರೈವಿಗೂ ಮೋಟಾರಿಗೂ ನಡುವೆ ಬಿಡಲೇಕೂಡದು. ಮೋಟಾರಿನ ಕೇಬಲ್ಲಿಗೆ ಲೋಹದ ಹೊದಿಕೆಯಿದ್ದು ಎರಡು ತುದಿಗಳಲ್ಲಿಯೂ ಅದು ಭೂಸಂಪರ್ಕ ಹೊಂದಿದ್ದರೆ ಕ್ಷೋಭೆಯ ಪ್ರವಾಹ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಕೊನೆಗೆ ಗುರಿಯ ರಕ್ಷಣೆ: ದೊಡ್ಡ ಮೋಟಾರುಗಳಿಗೆ ನಿರೋಧಕ ಲೇಪವುಳ್ಳ ಬೇರಿಂಗು, ದಂಡಕ್ಕೆ ಭೂಸಂಪರ್ಕದ ಕುಂಚ, ದೂರವಾಣಿ ಮೊದಲಾದ ಸೂಕ್ಷ್ಮ ತಂತಿಗಳಿಗೆ ಶಕ್ತಿಯ ಕೇಬಲ್ಲಿನಿಂದ ದೂರ.

ರಕ್ಷಕ ಬಂಧುಗಳೇ, ನನ್ನ ಭಾಷಣದಲ್ಲಿ ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದೆಂದು ಪ್ರಾರ್ಥಿಸುತ್ತೇನೆ. ಡ್ರೈವನ್ನು ಕೂಡಿಸಿದ ಬಳಿಕ ಮನೆಯ ಇ.ಎಲ್.ಸಿ.ಬಿ. ಪದೇ ಪದೇ ಬೀಳುವುದುಂಟು. ಭೂಮಿಗೆ ಹರಿಯುವ ಆ ಕ್ಷೋಭೆಯ ಪ್ರವಾಹವೇ ಇದಕ್ಕೆ ಕಾರಣ. ಆಗ ಯಾರೋ ಬಂದು ಇ.ಎಲ್.ಸಿ.ಬಿ.ಯನ್ನು ತಪ್ಪಿಸಿ ತಂತಿ ಎಳೆಯುವ, ಇಲ್ಲವೇ ಮೋಟಾರಿನ ಭೂಸಂಪರ್ಕದ ತಂತಿಯನ್ನೇ ಕತ್ತರಿಸುವ ಸಲಹೆ ಕೊಡಬಹುದು. ಉಪದ್ರವ ಅಂದಿಗೆ ನಿಂತಂತೆ ಕಾಣುತ್ತದೆ. ಆದರೆ ಭೂಮಿಗೆ ಹೋಗುವ ದಾರಿ ಕಡಿದ ಮೇಲೆ ಆ ಪ್ರವಾಹ ಬೇರೆ ದಾರಿಗಾಗಿ ಕಾದಿರುತ್ತದೆ. ಒಳಗೆ ನಿರೋಧಕವೇನಾದರೂ ಹರಿದ ದಿನ, ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಪಂಪಿನ ಕವಚವನ್ನು ಮುಟ್ಟಿದವನ ದೇಹವೇ ಆ ಕಡಿದ ತಂತಿಯ ಸ್ಥಾನವನ್ನು ತುಂಬುತ್ತದೆ. ಅಂತಹವನು ತೋಟದ ಕೂಲಿಯಾಗಿರಬಹುದು, ಶಾಲೆಯಿಂದ ಬಂದು ಸ್ವಿಚ್ಚು ಹಾಕಲು ಹೋದ ಮಗುವಾಗಿರಬಹುದು. ಇ.ಎಲ್.ಸಿ.ಬಿ. ಬಿದ್ದರೆ ಅದನ್ನು ಬಯ್ಯದೆ ಕಾರಣವನ್ನು ಹುಡುಕಿಸಬೇಕು. ಡ್ರೈವಿಗೆ ತಕ್ಕ ಜಾತಿಯ ರಕ್ಷಣಾ ಸಾಧನವನ್ನೂ ಫಿಲ್ಟರನ್ನೂ ಬಲ್ಲವರಿಂದ ಹಾಕಿಸಬೇಕು. ಹಾಗೆಯೇ ಡ್ರೈವನ್ನು ನಿಲ್ಲಿಸಿದ ಬಳಿಕವೂ ಅದರೊಳಗಿನ ತೊಟ್ಟಿಯಲ್ಲಿ ೫೬೫ ವೋಲ್ಟು ನಿಂತೇ ಇರುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವಷ್ಟು ನಿಮಿಷ ಕಾಯದೆ ಅದರ ಮುಚ್ಚಳವನ್ನು ಯಾರೂ ತೆರೆಯಕೂಡದು.

ಇದರೊಡನೆ ನೆರೆಹೊರೆಯ ಧರ್ಮವೊಂದುಂಟು. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಮನೆಗಳೆಲ್ಲ ಒಂದೇ ತೋಡಿನ ನೀರನ್ನು ಕುಡಿಯುವವರಿದ್ದಂತೆ. ಮೇಲಿನ ತೋಟದವನು ತೋಡನ್ನು ಕದಡಿದರೆ ಕೆಳಗಿನವನಿಗೆ ಕೆಸರು. ನನ್ನ ಡ್ರೈವಿನ ಉಳಿತಾಯ ನನ್ನದಾದ ಮೇಲೆ ಅದರ ಕ್ಷೋಭೆಯನ್ನು ನನ್ನ ಅಂಗಳದಲ್ಲಿಯೇ ಅಡಗಿಸುವ ಖರ್ಚೂ ನನ್ನದೇ. ಚೋಕು, ಫಿಲ್ಟರು ದುಂದುವೆಚ್ಚವೆಂದು ಬಿಟ್ಟವನು ಆ ಖರ್ಚನ್ನು ನೆರೆಯವನ ಮೋಟಾರಿನ ಮೇಲೆ ಹೊರಿಸಿದಂತಾಗುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಕನ್ನಡದಲ್ಲಿ ಓದಿದವರಿಗೆ ಇಂತಹ ವಿಜ್ಞಾನ ಎಟುಕದೆಂಬ ಅಂಜಿಕೆಯ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಈ ಅರ್ಧ ಗಂಟೆಯಲ್ಲಿ ನೀವು ಕೇಳಿದುದು ಕೂಡುವ ಕಳೆಯುವ ಲೆಕ್ಕ, ಕೆರೆಯ ಅಲೆ, ಮೃದಂಗದ ಕರಣೆ, ತೋಡಿನ ನೀರು. ಮೂರು ಬೆಸಸಂಖ್ಯೆಗಳ ಮೊತ್ತ ಸೊನ್ನೆಯಾಗದೆಂಬುದು ಯಾವ ಭಾಷೆಯಲ್ಲಿಯೂ ಅಷ್ಟೇ ಸತ್ಯ. ಅದನ್ನು ತಾಯ್ನುಡಿಯಲ್ಲಿ ಒಮ್ಮೆ ಮನಗಂಡವನಿಗೆ ಮುಂದೆ ಇಂಗ್ಲಿಷಿನಲ್ಲಾಗಲಿ ಮಲೆಯಾಳದಲ್ಲಾಗಲಿ ಓದಿದಾಗ ಹೊಸದಾಗಿ ಕಲಿಯಬೇಕಾದುದು ಹೆಸರುಗಳನ್ನು ಮಾತ್ರ. ಇಂದು ಮನೆಗೆ ಹೋದವರು ಬಳಪ ಹಿಡಿದು ಅಧಿಕ ೧, ಋಣ ೧ರ ಎಂಟು ಜೋಡಣೆಗಳನ್ನು ಬರೆದು ನೋಡಿ. ತೋಟದ ಪಂಪಿಗೆ ಭೂಸಂಪರ್ಕದ ತಂತಿ ಇದೆಯೇ ಎಂದು ಹಿರಿಯರನ್ನು ವಿನಯದಿಂದ ಕೇಳಿ. ನೀವಾಗಿ ಅದನ್ನು ಮುಟ್ಟಲು ಹೋಗಬೇಡಿ.